ಅತ್ತಿಗೆಯ ಲೆನ್ಸು, ಅಮ್ಮನ ಚುಕ್ಕಿ

ನಮ್ಮ ಅತ್ತಿಗೆಯ ಕಣ್ಣಿಗೆ ಈ ಜಗತ್ತಿನಲ್ಲಿ ಯಾವ ವಸ್ತುವೂ ನೆಟ್ಟಗಿಲ್ಲ. ಇದನ್ನು ನಾನು ಮೈದುನನ ಹೊಟ್ಟೆಯುರಿಯಿಂದ ಹೇಳುತ್ತಿಲ್ಲ, ಅವರೇ ಒಪ್ಪಿಕೊಂಡಿದ್ದಾರೆ. ಜಯನಗರದ ನಮ್ಮ ಮನೆಯ ಮುಂಬಾಗಿಲು ನೆಟ್ಟಗಿಲ್ಲ, ಎದುರು ಮನೆಯ ಕಾಂಪೌಂಡು ನೆಟ್ಟಗಿಲ್ಲ, ದೇವರ ಮನೆಯ ಲಕ್ಷ್ಮಿಯ ಪಟ ಎಡಕ್ಕೆ ವಾಲಿದೆ, ನನ್ನ ಮೂಗು ಬಲಕ್ಕೆ ವಾಲಿದೆ. ಒಮ್ಮೆ ಬನಶಂಕರಿ ದೇವಸ್ಥಾನದಲ್ಲಿ ಕೈ ಮುಗಿದು ನಿಂತವರು ಎರಡೂ ಕಣ್ಣು ಮುಚ್ಚುವ ಬದಲು ಒಂದನ್ನೇ ಮುಚ್ಚಿದ್ದರು. ಏನೋ ಹೊಸ ಹರಕೆಯಿರಬೇಕೆಂದು ನಾನು ಭಕ್ತಿಯಿಂದ ವಿಚಾರಿಸಿದೆ.

"ಹರಕೆ ಅಲ್ಲ ಕಣೋ. ಆ ಕಂಬ ನೋಡು. ಮೇಲುಗಡೆ ಸ್ವಲ್ಪ ಒಳಕ್ಕೆ ಬಂದಿದೆ."

ನಾನು ಕಂಬ ನೋಡಿದೆ. ಹಿಂದಿದ್ದವರೂ ನೋಡಿದರು. ಮಂಗಳಾರತಿ ನಮ್ಮನ್ನು ದಾಟಿಕೊಂಡು ಹೋಯಿತು.

ಅವರ ಕಸುಬೇ ಅಂಥದ್ದು, ಏನು ಮಾಡುವುದು! ನಮ್ಮ ಅತ್ತಿಗೆ ಲೆನ್ಸ್ ಡಿಸೈನ್ ಮಾಡುತ್ತಾರೆ. ಕ್ಯಾಮೆರಾದೊಳಗೆ, ಡಾಕ್ಟರು ಹೊಟ್ಟೆಯೊಳಗೆ ಇಳಿಸುವ ನಳಿಗೆಯೊಳಗೆ, ಕಾರಿನ ಬೆನ್ನಿಗೆ ಕೂರಿಸುವ ಪುಟ್ಟ ಕಣ್ಣಿನೊಳಗೆ ಒಂದರ ಹಿಂದೊಂದು ಗಾಜಿನ ಬಿಲ್ಲೆಗಳಿರುತ್ತವಲ್ಲ, ಅವು ಎಷ್ಟು ಉಬ್ಬಬೇಕು, ಎಷ್ಟು ತಗ್ಗಬೇಕು, ಒಂದಕ್ಕೊಂದು ಎಷ್ಟು ದೂರ ಕೂರಬೇಕು ಎಂದು ಗೊತ್ತುಮಾಡುವ ಕೆಲಸ. ಇದಕ್ಕೆಂದೇ ಒಂದು ಸಾಫ್ಟ್‌ವೇರ್ ಇದೆ. ಮಹಡಿ ಮೇಲಿನ ಕೋಣೆಯಲ್ಲಿ ಅವರ ಕಂಪ್ಯೂಟರಿನ ಮುಂದೆ ನಿಂತರೆ ಕಾಣುತ್ತದೆ: ಗಾಜಿನ ಬಿಲ್ಲೆಗಳ ಸಾಲು, ಎಡಗಡೆಯಿಂದ ಹೊರಡುವ ಕೆಂಪು, ಹಸಿರು, ನೀಲಿ ಕಿರಣಗಳು. ಅವು ಗಾಜಿನೊಳಗೆ ಬಗ್ಗುತ್ತ ಬಳುಕುತ್ತ ಹೋಗಿ ಬಲಗಡೆ ಒಂದೇ ಬಿಂದುವಿನಲ್ಲಿ ಸೇರಬೇಕು. ಸೇರುವುದಿಲ್ಲ. ನಾನು ನೋಡಿದ ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಪೂರ್ತಿ ಸೇರಿಲ್ಲ. ಪರದೆಯ ಮೂಲೆಯಲ್ಲಿ ಒಂದು ಅಂಕಿ ಇರುತ್ತದೆ, ಈ ಲೆನ್ಸು ಎಷ್ಟು ಕೆಟ್ಟದಾಗಿದೆ ಎಂದು ಹೇಳುವ ಅಂಕಿ. ಅದನ್ನು ಇಳಿಸುತ್ತ ಕೂರುವುದೇ ಅವರ ಉದ್ಯೋಗ.

"ಸೊನ್ನೆಗೆ ಬಂದ್ರೆ ಕೆಲಸ ಮುಗೀತಾ ಅತ್ತಿಗೆ?"

"ಸೊನ್ನೆಗೆ ಬಂದ್ರೆ ನಾನೇ ಎಲ್ಲೋ ತಪ್ಪು ಟೈಪ್ ಮಾಡಿದ್ದೀನಿ ಅಂತ ಅರ್ಥ."

ಇದಕ್ಕೆ ಸಂಬಳ ಬೇರೆ ಕೊಡುತ್ತಾರೆ! ನಾನು ಸಹಕಾರಿ ಬ್ಯಾಂಕಿನಲ್ಲಿ ಇದ್ದೇನೆ. ನಮ್ಮಲ್ಲಿ ಲೆಕ್ಕ ಸೊನ್ನೆಗೆ ಬರದಿದ್ದರೆ ಮನೆಗೆ ಬಿಡುವುದಿಲ್ಲ.

ಸೊಸೆಯ ಕೆಲಸವನ್ನು ನೆರೆಹೊರೆಗೆ ವಿವರಿಸುವ ಹೊಣೆ ಅಮ್ಮನದು. ಅಮ್ಮ ಬಹಳ ಯೋಚಿಸಿ ಅದನ್ನು "ಗಾಜಿನ ಕೆಲಸ" ಎಂದು ಚಿಕ್ಕದಾಗಿ ಮುಗಿಸಿದಳು. ಪರಿಣಾಮವಾಗಿ ಹಿಂದಿನ ರಸ್ತೆಯ ಒಬ್ಬ ಹೆಂಗಸು ಬಂದು, ಮಕ್ಕಳು ಕ್ರಿಕೆಟ್ ಆಡಿ ಬಚ್ಚಲುಮನೆ ಕಿಟಕಿ ಒಡೆದಿದ್ದಾರೆ, ನಿಮ್ಮ ಸೊಸೆ ಬಿಡುವಾಗಿದ್ದಾಳಾ ಎಂದು ಕೇಳಿದರು. ಅತ್ತಿಗೆ ಬಿಡುವಾಗಿದ್ದರು. ಹೋಗಿ ನೋಡಿ, ಒಡೆದ ಗಾಜಿಗಿಂತ ಚೌಕಟ್ಟೇ ವಾರೆಯಾಗಿದೆ ಎಂದು ಹೇಳಿ ಕಾಫಿ ಕುಡಿದು ಬಂದರು.

ಇಂಥವರು ನಮ್ಮ ಮನೆಗೆ ಹೇಗೆ ಬಂದರು ಎನ್ನುತ್ತೀರಾ? ಅದು ನಮ್ಮ ವಂಶದಲ್ಲಿ ಈಗಲೂ ಜನ ಕರೆದು ಕೂರಿಸಿಕೊಂಡು ಕೇಳುವ ಕತೆ. ಇಟ್ಟಮಡುವಿನ ಅವರ ತಂದೆಯ ಮನೆಗೆ ಹೆಣ್ಣು ನೋಡಲು ಹೋಗಿದ್ದೆವು. ಕೇಸರಿಬಾತು, ಖಾರಾಬಾತು ಎಲ್ಲ ಕ್ರಮದಂತೆ ನಡೆಯಿತು. ಹುಡುಗ ಹುಡುಗಿ ಏನಾದರೂ ಮಾತಾಡಬೇಕಿದ್ದರೆ ಮಾತಾಡಲಿ ಎಂದು ಹಿರಿಯರು ಗೋಡೆಯ ಕಡೆ ತಿರುಗಿದರು. ಹುಡುಗಿ ಹುಡುಗನನ್ನು ಕೇಳಿದ ಮೊದಲ ಮಾತು:

"ನಿಮ್ಮ ಕನ್ನಡಕ ಸ್ವಲ್ಪ ಕೊಡ್ತೀರಾ?"

ಅಣ್ಣ ಕೊಟ್ಟ. ಕೇಳಿದ್ದನ್ನು ಕೊಡುವುದು, ಹೇಳಿದ್ದಕ್ಕೆ ಹೂಂ ಎನ್ನುವುದು ಅವನ ಜಾಯಮಾನ. ಹುಡುಗಿ ಅದನ್ನು ಟ್ಯೂಬ್‌ಲೈಟಿನ ಕಡೆ ಹಿಡಿದು ಆ ಕಡೆ ಈ ಕಡೆ ಆಡಿಸಿ ನೋಡಿ, "ಎಡಗಡೆ ಗಾಜಿನ ಸೆಂಟರ್ ತಪ್ಪಿದೆ. ನಿಮಗೆ ಸಂಜೆ ಹೊತ್ತು ತಲೆನೋವು ಬರುತ್ತಾ?" ಎಂದಳು. ಅಣ್ಣನಿಗೆ ಕಾಲೇಜಿನ ದಿನಗಳಿಂದ ಸಂಜೆ ತಲೆನೋವು. ಅಮ್ಮ ಅದಕ್ಕಾಗಿ ಬೇಡದ ದೇವರಿಲ್ಲ, ಹಚ್ಚದ ಲೇಪವಿಲ್ಲ. ಅಣ್ಣ ಕನ್ನಡಕವಿಲ್ಲದ ಕಣ್ಣಿನಿಂದ ಹುಡುಗಿಯನ್ನು ನೋಡಿ ಮದುವೆಗೆ ಒಪ್ಪಿದ. ಕಾಣಿಸದೇ ಒಪ್ಪಿದ ಎಂದು ನಾನು ಈಗಲೂ ಹೇಳುತ್ತೇನೆ. ಅಮ್ಮನಿಗೆ ಮಾತ್ರ ಅದು ಒಳಗೊಳಗೇ ಚುಚ್ಚಿತು. ಹೆಣ್ಣು ನೋಡಲು ಹೋದ ಮನೆಯಲ್ಲಿ ಗಂಡನ್ನೇ ಬೆಳಕಿಗೆ ಹಿಡಿದು ಪರೀಕ್ಷೆ ಮಾಡಿ, ತಪ್ಪು ಬೇರೆ ಹುಡುಕಿ ಕಳಿಸುವುದೆಂದರೇನು!

ಲೆನ್ಸಿನ ಕೆಲಸದಲ್ಲಿ ಟಾಲರೆನ್ಸ್ ಎಂಬುದೊಂದಿದೆ. ಡಿಸೈನ್ ಏನೋ ಚೆನ್ನಾಗಿಯೇ ಇರುತ್ತದೆ. ಆದರೆ ಕಾರ್ಖಾನೆಯಲ್ಲಿ ಗಾಜು ಚೂರು ದಪ್ಪವಾದರೆ, ಚೂರು ವಾರೆ ಕೂತರೆ, ಆಗಬಹುದಾದ ತಪ್ಪುಗಳೆಲ್ಲ ಒಟ್ಟಿಗೇ ಆದರೆ ಗತಿಯೇನು ಎಂದು ಸಾಫ್ಟ್‌ವೇರು ಮುಂಚೆಯೇ ಆಡಿಸಿ ನೋಡುತ್ತದೆ. ಅತ್ತಿಗೆ ಈ ಪದ್ಧತಿಯನ್ನು ಸಂಸಾರಕ್ಕೂ ತಂದರು. ಜೆ.ಪಿ. ನಗರದ ಛತ್ರವೊಂದರಲ್ಲಿ ನೆಂಟರ ಆರತಕ್ಷತೆ. ಆಟೊ ಸಿಗದಿದ್ದರೆ, ಸಿಕ್ಕ ಆಟೊ ಕೆಟ್ಟರೆ, ಸಾರಕ್ಕಿ ಸಿಗ್ನಲ್ಲಿನಲ್ಲಿ ಸಿಕ್ಕಿಕೊಂಡರೆ, ಅಮ್ಮ ಹಲ್ಲಿನ ಸೆಟ್ಟು ಮರೆತು ಅರ್ಧ ದಾರಿಯಿಂದ ವಾಪಸ್ಸು ಬರಬೇಕಾದರೆ, ಇವೆಲ್ಲವೂ ಒಂದೇ ದಿನ ಆದರೆ? ಎಲ್ಲಕ್ಕೂ ಸಮಯ ಕೂಡಿಸಿ ನಮ್ಮನ್ನು ಹೊರಡಿಸಿದರು. ಅಂದು ಯಾವುದೂ ಕೆಡಲಿಲ್ಲ. ಅದೇ ತೊಂದರೆಯಾಯಿತು. ನಾವು ಛತ್ರಕ್ಕೆ ಕಾಲಿಟ್ಟಾಗ ಬೆಳಗಿನ ಮದುವೆಯವರ ಕೊನೆಯ ಪಂಕ್ತಿಯ ಎಲೆ ಎತ್ತುತ್ತಿದ್ದರು. ಬಾಗಿಲಲ್ಲಿ ನಿಂತಿದ್ದ ಯಜಮಾನರೊಬ್ಬರು ನಮ್ಮನ್ನು ಕಂಡು, "ಊಟ ಆಯ್ತಲ್ವಾ? ತುಂಬಾ ಸಂತೋಷ, ಬನ್ನಿ" ಎಂದು ಕೈಗೊಂದು ತೆಂಗಿನಕಾಯಿ ತಾಂಬೂಲ ಕೊಟ್ಟು ಬೀಳ್ಕೊಟ್ಟೇ ಬಿಟ್ಟರು. ಮುಂದಿನ ಮದುವೆ ಶುರುವಾಗುವವರೆಗೂ ನಾವು ಹಿಂದಿನ ಮದುವೆಯ ತೆಂಗಿನಕಾಯಿ ಹಿಡಿದು ಕಾರ್ ಪಾರ್ಕಿಂಗಿನಲ್ಲಿ ನಿಂತಿದ್ದೆವು.

"ಲೆಕ್ಕ ಸರಿಯಾಗೇ ಇತ್ತು," ಎಂದರು ಅತ್ತಿಗೆ.

"ಕಾಯಿ ಚೆನ್ನಾಗಿದೆ," ಎಂದಳು ಅಮ್ಮ, ಅಲ್ಲಾಡಿಸಿ ನೋಡಿ.

ಅದೇ ಆರತಕ್ಷತೆಯ ಗುಂಪು ಫೋಟೊ ಆಮೇಲೆ ಮನೆಗೆ ಬಂತು. ನಮ್ಮ ಸೋದರತ್ತೆಯೊಬ್ಬರು ಫೋಟೊದ ಅಂಚಿನಲ್ಲಿ ನಿಂತಿದ್ದರು. ತಮ್ಮನ್ನು ತಾವೇ ನೋಡಿಕೊಂಡು ಅಳುವ ಹಾಗಾದರು. ಅತ್ತಿಗೆ ಸಮಾಧಾನ ಮಾಡಿದರು. "ನೀವು ದಪ್ಪ ಅಲ್ಲಮ್ಮ. ಅಗಲ ಲೆನ್ಸ್ ಹಾಕಿ ಹತ್ತಿರದಿಂದ ತೆಗೆದ್ರೆ ಅಂಚಿನಲ್ಲಿ ನಿಂತೋರೆಲ್ಲ ಹಿಗ್ಗಿದ ಹಾಗೆ ಕಾಣ್ತಾರೆ." ಸೋದರತ್ತೆಯ ಮುಖ ಅರಳಿತು. ಅಲ್ಲಿಗೆ ನಿಲ್ಲಿಸಬಾರದೇ! ಅತ್ತಿಗೆ ಫೋಟೊವನ್ನು ಮಹಡಿಗೆ ಒಯ್ದು, ಲೆನ್ಸಿನ ತಪ್ಪನ್ನೆಲ್ಲ ಕಳೆದು ಕೆಳಗೆ ಬಂದು, "ಸರಿ ಮಾಡಿ ನೋಡಿದೆ. ಆದ್ರೂ ಸ್ವಲ್ಪ ದಪ್ಪನೇ ಇದ್ದೀರ," ಎಂದರು. ಆ ಸೋದರತ್ತೆ ಈಗ ಹಬ್ಬಕ್ಕೆ ಕರೆದರೆ ಬರುವುದಿಲ್ಲ.

ನನ್ನನ್ನಾದರೂ ಬಿಟ್ಟರೇ? ನನಗೆ ಇನ್ನೂ ಮದುವೆಯಾಗಿಲ್ಲ. ಅತ್ತಿಗೆ ಒಂದು ಭಾನುವಾರ ಕೂರಿಸಿಕೊಂಡು ಹುಡುಗಿ ಹೇಗಿರಬೇಕು, ಯಾವುದಕ್ಕೆ ಎಷ್ಟು ತೂಕ ಎಂದು ಕೇಳಿದರು. ಎಲ್ಲವೂ ಮುಖ್ಯವೇ ಅತ್ತಿಗೆ ಎಂದೆ.

"ಎಲ್ಲಕ್ಕೂ ಒಂದೇ ತೂಕ ಕೊಟ್ರೆ ಲೆನ್ಸ್ ಎಲ್ಲ ಕಡೆನೂ ಮಬ್ಬಾಗಿರುತ್ತೆ ಕಣೋ. ಯಾವುದು ಬೇಕೇ ಬೇಕು ಅಂತ ಮೊದಲು ನೀನು ಹೇಳ್ಬೇಕು, ಆಮೇಲೆ ಸಾಫ್ಟ್‌ವೇರ್."

ನಾನು ಯೋಚಿಸಿ ಹೇಳುತ್ತೇನೆ ಎಂದೆ. ಈಗಲೂ ಯೋಚಿಸುತ್ತಿದ್ದೇನೆ.

ಹೀಗೆ ಊರಿನವರನ್ನೆಲ್ಲ ಎದುರು ಹಾಕಿಕೊಂಡ ಅತ್ತಿಗೆ ಒಂದೇ ಒಂದು ವಸ್ತುವಿನ ತಂಟೆಗೆ ಹೋಗಿರಲಿಲ್ಲ. ಅದು ಅಮ್ಮನ ರಂಗೋಲಿ. ಬೆಳಗ್ಗೆ ಗೇಟಿನ ಮುಂದೆ ನೀರು ಹಾಕಿ, ಸೊಂಟ ಬಗ್ಗಿಸಿ ಅಮ್ಮ ಚುಕ್ಕಿ ಇಡತೊಡಗಿದರೆ ಪಾರ್ಕಿಗೆ ವಾಕಿಂಗ್ ಹೊರಟ ಆಂಟಿಯರು ನಿಂತು ಫೋಟೊ ತೆಗೆದುಕೊಳ್ಳುತ್ತಿದ್ದರು. ಅಳತೆಪಟ್ಟಿಯಿಲ್ಲ, ದಾರವಿಲ್ಲ, ಬೆರಳ ಸಂದಿಯಿಂದ ಬಿದ್ದ ಚುಕ್ಕಿಗಳು ಶಾಲೆಯ ಪ್ರಾರ್ಥನೆಯ ಸಾಲಿನ ಹಾಗೆ ನಿಲ್ಲುತ್ತಿದ್ದವು. ಅಡಿಗೆಯಲ್ಲಿ ಉಪ್ಪು ಹೆಚ್ಚಾಯಿತೆಂದರೆ ಅಮ್ಮ ಸಹಿಸಿಯಾಳು. ರಂಗೋಲಿಯ ವಿಷಯಕ್ಕೆ ಯಾರೂ ಬಾಯಿ ಹಾಕುವಂತಿರಲಿಲ್ಲ, ಹಾಕುವ ಅಗತ್ಯವೂ ಇರಲಿಲ್ಲ. ಅತ್ತಿಗೆ ದಿನಾ ಮಹಡಿಯ ಬಾಲ್ಕನಿಯಲ್ಲಿ ಕಾಫಿ ಲೋಟ ಹಿಡಿದು ಅದನ್ನೇ ನೋಡುತ್ತ ನಿಲ್ಲುತ್ತಿದ್ದರು. ಬೆಳಗ್ಗೆ ಅದೊಂದು ನೋಡಿದರೆ ಕಣ್ಣಿಗೆ ವಿಶ್ರಾಂತಿ ಎನ್ನುತ್ತಿದ್ದರು.

ದೀಪಾವಳಿಗೆ ಸ್ವಲ್ಪ ಮುಂಚೆ ಒಂದು ಬೆಳಗ್ಗೆ ಬಾಲ್ಕನಿಯಿಂದ ದನಿ ಬಂತು.

"ಅತ್ತೆ, ನಡುವಿನ ಸಾಲು ಬಗ್ಗಿದೆ."

ಅಮ್ಮ ತಲೆಯೆತ್ತಲಿಲ್ಲ. "ಏನು ಬಗ್ಗಿದೆ?"

"ಚುಕ್ಕಿ. ಮಧ್ಯದಲ್ಲಿ ಕೆಳಕ್ಕೆ ಜಗ್ಗಿದೆ ನೋಡಿ."

"ನಿನ್ನ ಕಂಪ್ಯೂಟರ್ ಜಗ್ಗಿರ್ಬೇಕು, ಹೋಗಿ ನೋಡ್ಕೋ."

ಮಾರನೆಯ ದಿನವೂ ಅದೇ ಮಾತು. ಅದರ ಮಾರನೆಯ ದಿನ ಅತ್ತಿಗೆ ಫೋಟೊ ತೆಗೆದು ತೋರಿಸಿದರು. ಅಮ್ಮ ಫೋಟೊ ನೋಡಿ, ಸರಿಯಾಗೇ ಇದೆಯಲ್ಲ ಎಂದಳು. ನಾನು ನೋಡಿದೆ; ನಿಜಕ್ಕೂ ಜಗ್ಗಿತ್ತು. ಆದರೆ ಅಮ್ಮನ ಎದುರಿಗೆ ಹಾಗೆನ್ನುವಷ್ಟು ಧೈರ್ಯ ನನಗೆ ದೇವರು ಕೊಟ್ಟಿಲ್ಲ. ಅಣ್ಣನನ್ನು ಕೇಳಿದರು. ಅಣ್ಣ ಹೂಂ ಎಂದ. ಯಾರ ಮಾತಿಗೆ ಹೂಂ ಎಂದು ಇಬ್ಬರೂ ಬಿಡಿಸಿ ಕೇಳಿದರು. ಅದಕ್ಕೂ ಹೂಂ ಎಂದ.

"ಒಂದು ಚುಕ್ಕಿ ಇಡೋಕೆ ಬರದವಳು ನನಗೆ ಹೇಳ್ಕೊಡ್ತಾಳೆ!" ಎಂದು ಅಮ್ಮ ಮಾತು ಬಿಟ್ಟಳು. ನಮ್ಮ ಮನೆಯಲ್ಲಿ ಮಾತು ಬಿಡುವುದೆಂದರೆ ನನ್ನ ಮೂಲಕ ಆಡುವುದು ಎಂದರ್ಥ. ಒಂದೇ ಮೇಜು, ನಡುವೆ ನಾನು. "ನಿನ್ನ ಅತ್ತಿಗೆಗೆ ಹೇಳೋ, ಹುಳಿ ಆರ್ತಾ ಇದೆ." "ನಿಮ್ಮಮ್ಮಂಗೆ ಹೇಳು, ಬಡಿಸ್ಕೊಂಡೆ ಅಂತ." ನಾನು ಉಣ್ಣುವುದನ್ನು ಬಿಟ್ಟು ಅಂಚೆ ಹಂಚುತ್ತಿದ್ದೆ.

ಅತ್ತಿಗೆಗೆ ಮಾತ್ರ ಆ ಜಗ್ಗಿದ ಸಾಲು ತಲೆಯಿಂದ ಹೋಗಲಿಲ್ಲ. ಅಮ್ಮನ ಕೈ ತಪ್ಪುವುದಿಲ್ಲ ಎಂಬುದು ಅವರ ನಂಬಿಕೆ. ಹಾಗಾದರೆ ತಪ್ಪು ಗಾಜಿನದೇ ಇರಬೇಕು! ಮೊದಲು ತಮ್ಮ ಕನ್ನಡಕವನ್ನು ಅನುಮಾನಿಸಿ ಬದಲಾಯಿಸಿದರು. ಆಮೇಲೆ ಫೋನಿನ ಕ್ಯಾಮೆರಾವನ್ನು ಅನುಮಾನಿಸಿದರು. ಅದನ್ನು ಪರೀಕ್ಷಿಸಲು ನೆಟ್ಟಗಿನ ಗೆರೆಗಳು ಬೇಕಲ್ಲ, ಮನೆಯಲ್ಲಿ ಅವರ ಅನುಮೋದನೆ ಪಡೆದದ್ದು ಬಚ್ಚಲುಮನೆಯ ಟೈಲ್ಸು ಮಾತ್ರ. ಮೈಗೆ ಸೋಪು ಹಚ್ಚಿಕೊಂಡಿದ್ದ ಅಣ್ಣನನ್ನು ಟವೆಲ್ಲಿನಲ್ಲಿ ಹೊರಗೆ ನಿಲ್ಲಿಸಿ ಗೋಡೆಯ ಫೋಟೊ ತೆಗೆದರು. ಮಹಡಿಯ ಸಾಫ್ಟ್‌ವೇರು ಪರಿಶೀಲಿಸಿ ಫೋನು ನಿರಪರಾಧಿ ಎಂದಿತು. ಅಣ್ಣನ ಮೈಮೇಲಿನ ಸೋಪು ಆ ಹೊತ್ತಿಗೆ ಒಣಗಿತ್ತು.

ಆ ಸಂಜೆ ಅತ್ತಿಗೆ ಮಹಡಿಯ ಮೆಟ್ಟಿಲು ಇಳಿದು ಬಂದು ನನ್ನ ಪಕ್ಕ ಕೂತರು. ಮುಖ ಒಂಥರಾ ಇತ್ತು.

"ಲೆನ್ಸ್ ಗೆರೆ ಬಗ್ಗಿಸಿದ್ರೆ ಅಂಚಿನಲ್ಲಿ ಬಗ್ಗಿಸುತ್ತೆ ಕಣೋ. ಮಧ್ಯದಲ್ಲಿ ಅಲ್ಲ. ಅಂಚು ನೆಟ್ಟಗಿದ್ದು ಮಧ್ಯ ಮಾತ್ರ ಬಗ್ಗಿಸೋ ಲೆನ್ಸನ್ನ ನಾನು ಇವತ್ತಿನವರೆಗೂ ನೋಡಿಲ್ಲ."

"ಅಂದ್ರೆ?"

"ಅಂದ್ರೆ ತಪ್ಪು ಗಾಜಿನದಲ್ಲ."

ಎದ್ದು ನೇರವಾಗಿ ಅಡಿಗೆಮನೆಗೆ ಹೋದರು. ನಾನೂ ಹಿಂದೆ ಹೋದೆ. ಅಮ್ಮ ಹುರುಳಿಕಾಯಿ ಬಿಡಿಸುತ್ತ ಕೂತಿದ್ದಳು.

"ಅತ್ತೆ, ಬಲಗಣ್ಣು ಮುಚ್ಕೊಳ್ಳಿ. ಆ ಕಿಟಕಿ ಕಂಬಿ ನೋಡಿ ಹೇಳಿ, ಹೇಗಿದೆ?"

ಅಮ್ಮ ಕಂಬಿ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, "ನಿನ್ನ ಅತ್ತಿಗೆಗೆ ಹೇಳೋ, ಆ ಕಂಬಿ ದಸರಾದಿಂದ ಬಗ್ಗಿದೆ. ಅದಕ್ಕೇ ಅಲ್ವಾ ನಾನು ವೆಲ್ಡರ್ ಕರೆಸಿದ್ದು," ಎಂದಳು.

ಹೌದು, ಕರೆಸಿದ್ದಳು. ಅಣ್ಣನಿಗೆ ಹೇಳಿ ಸಾರಕ್ಕಿಯಿಂದ ಕರೆಸಿದ್ದಳು. ಆತ ಬಂದು ಕಂಬಿಯನ್ನು ಸವರಿ ನೋಡಿ, ದಾರ ಹಿಡಿದು ನೋಡಿ, ಎಲ್ಲಿ ಬಗ್ಗಿದೆ ಅಮ್ಮಾ ಎಂದು ಕೇಳಿ ಕೇಳಿ ಸಾಕಾಗಿ ಹೋಗಿದ್ದ. ಈಗಿನ ವೆಲ್ಡರ್‌ಗಳಿಗೆ ಕಣ್ಣೇ ಕಾಣಲ್ಲ ಎಂದು ಅಮ್ಮ ಬೈದಿದ್ದಳು. ನಾವೆಲ್ಲ ಅದನ್ನು ಹೇಳಿಕೊಂಡು ನಕ್ಕಿದ್ದೆವು.

ಅತ್ತಿಗೆ ನಗಲಿಲ್ಲ. ಅಮ್ಮನ ಕೈಯಿಂದ ಹುರುಳಿಕಾಯಿ ತಟ್ಟೆ ತೆಗೆದು ಪಕ್ಕಕ್ಕಿಟ್ಟರು. "ಏಳಿ ಅತ್ತೆ, ಹೋಗೋಣ." ಎಲ್ಲಿಗೆ ಎಂದು ಅಮ್ಮ ಕೇಳುವಷ್ಟರಲ್ಲಿ ಹೊರಗೆ ಆಟೊ ನಿಂತಿತ್ತು. ಛತ್ರಕ್ಕೆ ಹೋಗಲು ಅಷ್ಟು ಲೆಕ್ಕ ಹಾಕಿದ ಹೆಂಗಸು ಅಂದು ಕಂಪ್ಯೂಟರ್ ಆರಿಸಲಿಲ್ಲ, ಚಪ್ಪಲಿ ಹಾಕಿಕೊಳ್ಳಲಿಲ್ಲ, ಬಾಗಿಲು ಹಾಕಲು ನನಗೆ ಹೇಳಲೂ ಇಲ್ಲ. ನನಗೆ ಭಯವಾದದ್ದು ಆಗ.

ಕಣ್ಣಿನ ಆಸ್ಪತ್ರೆಯ ಡಾಕ್ಟರಮ್ಮ ಒಂದು ಚೌಕಳಿ ಹಾಳೆಯನ್ನು ಅಮ್ಮನ ಮುಂದೆ ಹಿಡಿದು, ಗೆರೆಗಳು ನೆಟ್ಟಗಿವೆಯಾ ಎಂದು ಕೇಳಿದರು. "ನಿಮ್ಮ ಹಾಳೆ ಸರಿಯಾಗಿ ಪ್ರಿಂಟ್ ಆಗಿಲ್ಲ," ಎಂದಳು ಅಮ್ಮ. ಆಮೇಲೆ ಕಣ್ಣಿಗೆ ಹನಿ ಹಾಕಿ, ಯಂತ್ರದ ಮುಂದೆ ಕೂರಿಸಿ ಏನೇನೋ ನೋಡಿದರು. ನೋಡಿ ಮುಗಿಸಿದ ಮೇಲೆ ಅವರು ಹೇಳಿದ್ದು ಇಷ್ಟು: ಎಡಗಣ್ಣಿನ ಹಿಂದಿನ ಪರದೆಯ ಕೆಳಗೆ ನೀರು ಸೋರಿ, ಪರದೆ ಮಧ್ಯದಲ್ಲಿ ಉಬ್ಬಿದೆ. ಬಲಗಣ್ಣು ಮೊದಲಿನಿಂದಲೂ ಮಂದ. ಅಮ್ಮ ಇಷ್ಟು ದಿನ ಲೋಕ ನೋಡುತ್ತಿದ್ದದ್ದು ಈ ಒಂದು ಕಣ್ಣಿನಿಂದಲೇ.

"ಇನ್ನೂ ತಡ ಮಾಡಿದ್ರೆ ಮಧ್ಯ ಪೂರ್ತಿ ಕಪ್ಪಾಗೋದು. ಎದುರಿಗೆ ಕೂತೋರ ಮುಖ ಕಾಣ್ತಿರ್ಲಿಲ್ಲ. ಮೊದಲು ಗಮನಿಸಿದ್ದು ಯಾರು?"

"ನಮ್ಮ ಸೊಸೆ," ಎಂದು ಅಮ್ಮ ಕೈ ತೋರಿಸಿದಳು. "ಅವಳಿಗೆ ಯಾವಾಗ್ಲೂ ಎಲ್ಲ ಸೊಟ್ಟಗೇ ಕಾಣುತ್ತೆ ಡಾಕ್ಟ್ರೇ."

"ಹೌದಾ? ಅವರನ್ನೂ ಒಂದ್ಸಲ ನೋಡ್ಬಿಡ್ಲಾ?" ಎಂದರು ಡಾಕ್ಟರಮ್ಮ, ಚೂರೂ ನಗದೆ.

ಕಣ್ಣಿಗೇ ಸೂಜಿ. ತಿಂಗಳಿಗೊಮ್ಮೆ. ಅಮ್ಮನಿಗೆ ಧೈರ್ಯ ತುಂಬಲು ಅತ್ತಿಗೆ ಸೂಜಿಯ ದಪ್ಪ, ಅದು ಹೋಗುವ ದಾರಿ, ಅಲ್ಲಿ ಬೆಳಕು ಬಗ್ಗುವ ಬಗೆ ಎಲ್ಲವನ್ನೂ ವಿವರವಾಗಿ ಹೇಳತೊಡಗಿದರು. ಅಮ್ಮ ಅರ್ಧಕ್ಕೇ ಎದ್ದು, "ಇವಳು ಹೇಳಿ ಮುಗಿಸೋದ್ರೊಳಗೆ ಚುಚ್ಚಿಬಿಡಿ," ಎಂದು ತಾನೇ ಒಳಗೆ ಹೋದಳು. ಹೊರಗೆ ಬೆಂಚಿನ ಮೇಲೆ ಅತ್ತಿಗೆ ಕೂತಿದ್ದರು. ಗೋಡೆಯ ಮೇಲೆ ಒಂದು ಕ್ಯಾಲೆಂಡರು ಸ್ಪಷ್ಟವಾಗಿ ವಾಲಿಕೊಂಡಿತ್ತು. ಅವರು ಅದರ ಕಡೆ ನೋಡಲೂ ಇಲ್ಲ.

ಸೋರುವುದು ನಿಂತಿತು. ಕಣ್ಣು ಉಳಿಯಿತು. ಆದರೆ ಬಗ್ಗು ಪೂರ್ತಿ ಹೋಗಲಿಲ್ಲ. ಮಧ್ಯದಲ್ಲೊಂದಿಷ್ಟು ಹಾಗೆಯೇ ನಿಂತಿತು. ಅದು ತಿಳಿದ ದಿನ ಅಮ್ಮ ರಂಗೋಲಿ ಬಟ್ಟಲನ್ನು ಅಟ್ಟದ ಮೇಲಿಟ್ಟಳು. "ಸೊಟ್ಟ ಹಾಕಿ ಬೀದಿಯವರ ಕೈಲಿ ನಗಿಸ್ಕೊಳ್ಳಲಾ? ಇಷ್ಟು ವರ್ಷ ಹಾಕಿದ್ದು ಸಾಕು," ಎಂದಳು. ಧನುರ್ಮಾಸ ಬಂತು. ರಸ್ತೆಯುದ್ದಕ್ಕೂ ರಂಗೋಲಿ, ನಮ್ಮ ಗೇಟಿನ ಮುಂದೆ ಬರೀ ನೆಲ. ಬಾಗಿಲ ಮುಂದೆ ರಂಗೋಲಿ ನಿಂತಿತೆಂದರೆ ನಮ್ಮ ಕಡೆ ಜನ ಏನೆಂದುಕೊಳ್ಳುತ್ತಾರೆ, ಗೊತ್ತಲ್ಲ. ಎದುರು ಸಾಲಿನ ರಿಟೈರ್ಡ್ ಅಂಕಲ್ ಒಬ್ಬರು ಬಿಳಿ ಪಂಚೆಯುಟ್ಟು, ಮುಖ ಸಣ್ಣಗೆ ಮಾಡಿಕೊಂಡು ಬಂದು ಬೆಲ್ ಒತ್ತಿದರು. ಬಾಗಿಲು ತೆಗೆದದ್ದು ಅಮ್ಮನೇ. ಅಂಕಲ್ ಅವಳನ್ನು ಮೇಲಿಂದ ಕೆಳಗೆ ನೋಡಿ, "ಏನಿಲ್ಲ, ಸುಮ್ನೆ ಬಂದೆ, ಚೆನ್ನಾಗಿದ್ದೀರಲ್ಲ," ಎಂದು ಹಾಗೇ ಹಿಂದಕ್ಕೆ ಹೆಜ್ಜೆ ಹಾಕಿದರು. ಅಣ್ಣ ತನ್ನ ಆಯುಷ್ಯದಲ್ಲಿ ಮೊದಲ ಸಲ ಒಂದು ಸಲಹೆ ಕೊಟ್ಟ, ಸ್ಟಿಕ್ಕರ್ ರಂಗೋಲಿ ತರೋಣ ಎಂದು. ಅವನಿಗೆ ಆ ದಿನ ರಾತ್ರಿ ಯಾರೂ ಬಡಿಸಲಿಲ್ಲ.

ಅಮ್ಮ ಏನೂ ಆಗದವಳ ಹಾಗೆ ಓಡಾಡಿಕೊಂಡಿದ್ದಳು. ಆದರೆ ಬೆಳಗ್ಗೆ ಎದ್ದು ಗೇಟಿನ ತನಕ ಹೋಗಿ, ನಿಂತು, ವಾಪಸ್ಸು ಬರುತ್ತಿದ್ದಳು. ನಾನು ನೋಡುತ್ತಿದ್ದೆ. ಒಂದು ದಿನ ಮಹಡಿ ಹತ್ತಿ ಹೋಗಿ ಕೇಳಿಯೇ ಬಿಟ್ಟೆ.

"ಅತ್ತಿಗೆ, ಜಗತ್ತಿಗೆಲ್ಲ ಲೆನ್ಸ್ ಮಾಡ್ತೀರ. ಅಮ್ಮನಿಗೊಂದು ಕನ್ನಡಕ ಮಾಡಿಕೊಡೋಕಾಗಲ್ವಾ?"

"ಮಾಡಿ ನೋಡಿದೆ ಕಣೋ," ಎಂದರು. ದನಿ ಸಣ್ಣಗಾಗಿತ್ತು. "ಎಷ್ಟು ಥರ ಮಾಡಿದ್ರೂ ಅಂಕಿ ಇಳೀತಾ ಇಲ್ಲ. ಅತ್ತೆ ಎಲ್ಲಿ ನೋಡಿದ್ರೆ ಆ ಬಗ್ಗು ಅಲ್ಲಿಗೇ ಹೋಗುತ್ತೆ. ಹಿಂದಿನ ಪರದೇನೇ ಬಗ್ಗಿದ್ರೆ ಮುಂದೆ ಯಾವ ಗಾಜು ಇಟ್ಟು ಏನು ಪ್ರಯೋಜನ?" ಅತ್ತಿಗೆ ಸೋತದ್ದನ್ನು ನಾನು ನೋಡಿದ್ದು ಅದೇ ಮೊದಲು. ಆಮೇಲೆ ತಮಗೆ ತಾವೇ ಹೇಳಿಕೊಂಡ ಹಾಗೆ, "ಲೆನ್ಸ್ ಬದಲಾಯಿಸೋಕಾಗಲ್ಲ. ನೋಡೋ ವಸ್ತು ಬದಲಾಯಿಸಬಹುದು," ಎಂದರು.

ನನಗೇನೂ ಅರ್ಥವಾಗಲಿಲ್ಲ. ಮರುದಿನದಿಂದ ಹಾಲ್‌ನಲ್ಲಿ ಹೊಸ ನಾಟಕ ಶುರುವಾಯಿತು. ಅಮ್ಮನನ್ನು ಬಾಗಿಲ ಬಳಿ ನಿಲ್ಲಿಸಿ, ಡಾಕ್ಟರ್ ಹೇಳಿದ ಕಣ್ಣಿನ ಎಕ್ಸರ್‌ಸೈಜು ಎಂದು ಸುಳ್ಳು ಹೇಳಿ, ಅತ್ತಿಗೆ ನೆಲದ ಮೇಲೆ ಹುಣಸೆಬೀಜಗಳನ್ನು ಸಾಲಾಗಿ ಜೋಡಿಸುವುದು. ಅಮ್ಮ ನಡುವಿನ ಬೀಜವನ್ನೇ ನೋಡುತ್ತ, ಉಳಿದ ಸಾಲು ನೆಟ್ಟಗೆ ಕಾಣುವವರೆಗೂ ಸರಿಸಲು ಹೇಳುವುದು.

"ಎಡಗಡೆದು ಮೇಲಕ್ಕೆ ಸರಿಸು. ಅಯ್ಯೋ, ಅಷ್ಟಲ್ಲ! ಇಷ್ಟು ಓದಿದ್ದೀಯ, ಚೂರು ಅಂದ್ರೆ ಎಷ್ಟು ಅಂತ ಗೊತ್ತಿಲ್ಲ. ಹಾಂ, ಈಗ ಸರಿ. ಅದರ ಪಕ್ಕದ್ದು?"

ಅತ್ತಿಗೆ ಮಂಡಿಯೂರಿಕೊಂಡು ಆ ಮೂಲೆಯಿಂದ ಈ ಮೂಲೆಗೆ ತೆವಳುತ್ತಿದ್ದರು. ಅಮ್ಮನಿಗೆ ಎಕ್ಸರ್‌ಸೈಜು ಬಹಳ ಹಿಡಿಸಿತು. ಮದುವೆಯಾಗಿ ಬಂದಾಗಿನಿಂದ ಸೊಸೆ ತಾನು ಹೇಳಿದ ಕಡೆಗೆಲ್ಲ ಸರಿಯುತ್ತಿದ್ದದ್ದು ಅದೇ ಮೊದಲು. ಕೊನೆಗೆ ಅಮ್ಮ ನೂಲು ಹಿಡಿದ ಹಾಗಿದೆ ಎಂದು ಮೆಚ್ಚಿದ ಸಾಲನ್ನು ನೋಡಿದರೆ, ಅದು ನಡುವೆ ಕೊಡದ ಹೊಟ್ಟೆಯ ಹಾಗೆ ಉಬ್ಬಿತ್ತು. ಅತ್ತಿಗೆ ಅದರ ಅಳತೆ ತೆಗೆದುಕೊಂಡು ಮಹಡಿ ಹತ್ತುತ್ತಿದ್ದರು. ಮಹಡಿಯಲ್ಲಿ ಆ ಸಾಫ್ಟ್‌ವೇರು ಈಗ ಕ್ಯಾಮೆರಾ ಬಿಟ್ಟು ಅಮ್ಮನ ಕಣ್ಣಿನ ಸೇವೆಗೆ ನಿಂತಿತ್ತು.

ಜೊತೆಗೆ ತಾರಸಿಯ ಮೇಲೆ ರಂಗೋಲಿ ಅಭ್ಯಾಸ. ಮೊದಲ ದಿನದ ಕೃತಿಯನ್ನು ನೋಡಿ ಅಣ್ಣ, ಯಾರೋ ಹಿಟ್ಟು ಚೆಲ್ಲಿದ್ದಾರೆಂದು ಪೊರಕೆ ತಂದ. ಅತ್ತಿಗೆ ಬೈಯಲಿಲ್ಲ. ಮತ್ತೆ ಹಾಕಿದರು. ಬೆರಳ ಚರ್ಮ ಸುಲಿದು ಕೆಂಪಗಾಗಿತ್ತು. ಪುಡಿ ತಗುಲಿದರೆ ಉರಿಯುತ್ತದೆ ಎಂದು ನನ್ನ ಹತ್ತಿರ ಮಾತ್ರ ಹೇಳಿದರು.

ಸಂಕ್ರಾಂತಿಯ ಬೆಳಗ್ಗೆ ಅಮ್ಮ ಸ್ನಾನಕ್ಕೆ ಹೋಗಿದ್ದಾಗ ಅತ್ತಿಗೆ ಗೇಟಿನ ಮುಂದೆ ನೀರು ಹಾಕಿ ಕೂತರು. ನಾನು ಎಳ್ಳುಬೆಲ್ಲದ ತಟ್ಟೆ ಹಿಡಿದು ಕಾವಲು ನಿಂತೆ. ರಂಗೋಲಿ ಮುಗಿಯುವ ಹೊತ್ತಿಗೆ ವಾಕಿಂಗ್ ಆಂಟಿಯರು ಬಂದರು. ನಿಂತರು. ಒಬ್ಬರು ಬಾಯಿ ಬಿಟ್ಟೇ ಬಿಟ್ಟರು.

"ಏನಮ್ಮಾ ಇದು, ಹಬ್ಬದ ದಿನ ಇಷ್ಟು ಸೊಟ್ಟ? ನಿಮ್ಮತ್ತೆ ಕೈ ಎಲ್ಲಿ, ಇದೆಲ್ಲಿ! ಅಳಿಸ್ಬಿಡು, ನಾನು ಹಾಕ್ಕೊಡ್ತೀನಿ."

ದೇವಸ್ಥಾನದ ಕಂಬವನ್ನೂ ಬಿಡದ ಬಾಯಿ ಅದು. ಈಗ ಆಂಟಿಗೆ ಏನು ಕಾದಿದೆಯೋ ಎಂದು ನಾನು ಉಸಿರು ಬಿಗಿಹಿಡಿದೆ. ಅತ್ತಿಗೆ, "ಇರ್ಲಿ ಆಂಟಿ, ನನಗೆ ಬರೋದು ಇಷ್ಟೇ," ಎಂದರು.

ಅಷ್ಟರಲ್ಲಿ ಅಮ್ಮ ಒದ್ದೆ ಕೂದಲಿಗೆ ಬಟ್ಟೆ ಸುತ್ತಿಕೊಂಡು ಹೊರಗೆ ಬಂದಳು. ಅತ್ತಿಗೆ ಅವಳ ತೋಳು ಹಿಡಿದು ಗೇಟಿನ ಒಳಗಿನ ಮೆಟ್ಟಿಲ ಮೇಲೆ ನಿಲ್ಲಿಸಿದರು.

"ನಡುವಿನ ಹೂವನ್ನೇ ನೋಡಿ ಅತ್ತೆ. ಬೇರೆ ಕಡೆ ಕಣ್ಣು ಆಡಿಸ್ಬೇಡಿ."

ಅಮ್ಮ ನೋಡಿದಳು. ನೋಡುತ್ತಲೇ ನಿಂತಳು.

"ಯಾರು ಹಾಕಿದ್ದು?"

"ನಾನೇ."

"ಸುಳ್ಳು ಹೇಳ್ಬೇಡ ಕಣೇ. ಒಂದು ಚುಕ್ಕಿ ಅಲ್ಲಾಡಿಲ್ಲ. ನಿನಗೆಲ್ಲಿ ಬರುತ್ತೆ ಇಷ್ಟು ನೆಟ್ಟಗೆ!"

ಆಂಟಿಯ ಬಾಯಿ ಮತ್ತೆ ತೆರೆಯಿತು. ನಾನು ಓಡಿಹೋಗಿ ಕೈತುಂಬ ಎಳ್ಳುಬೆಲ್ಲ ಹಾಕಿ, "ತಿನ್ನಿ ಆಂಟಿ, ಮೊದಲು ತಿನ್ನಿ," ಎಂದೆ. ಆದರೆ ಅಮ್ಮ ದಡ್ಡಿಯಲ್ಲ. ಆಂಟಿಯ ಮುಖ ನೋಡಿದಳು, ನನ್ನ ಅವಸರ ನೋಡಿದಳು, ಪುಡಿ ಮೆತ್ತಿದ ಸೊಸೆಯ ಸುಲಿದ ಬೆರಳು ನೋಡಿದಳು.

"ಆ ಹುಣಸೆಬೀಜದ ಎಕ್ಸರ್‌ಸೈಜು ಡಾಕ್ಟ್ರು ಹೇಳಿದ್ದಲ್ಲ, ಅಲ್ವಾ?"

"ಅಲ್ಲ ಅತ್ತೆ."

"ಅಂದ್ರೆ ಇದು ಇವರಿಗೆಲ್ಲ ಸೊಟ್ಟ ಕಾಣ್ತಾ ಇದೆ."

"ಹೂಂ ಅತ್ತೆ. ನಿಮಗೊಬ್ರಿಗೇ ನೆಟ್ಟಗೆ ಕಾಣೋದು." ಅಷ್ಟು ಹೇಳಿದ್ದೇ ತಡ, ಜಯನಗರದ ನಡುರಸ್ತೆಯಲ್ಲಿ, ಅಷ್ಟು ಜನರ ಮುಂದೆ, ನಮ್ಮ ಅತ್ತಿಗೆ ಚಿಕ್ಕ ಮಕ್ಕಳ ಹಾಗೆ ಬಿಕ್ಕಿ ಬಿಕ್ಕಿ ಅತ್ತುಬಿಟ್ಟರು. ಅಮ್ಮ ಸೆರಗಿನಿಂದ ಅವರ ಮುಖ ಒರೆಸಿದಳು.

"ಕಾಣಲಿ ಬಿಡೇ," ಎಂದಳು. "ಬೀದಿಯವರು ನೋಡ್ಲಿ ಅಂತ ಇಷ್ಟು ವರ್ಷ ಹಾಕಿದ್ದಾಯ್ತು. ಇದು ನನ್ನದು."

ಆಮೇಲೆ ಆಂಟಿಯರ ಕಡೆ ತಿರುಗಿ, ಸ್ವಲ್ಪ ಆ ಕಡೆಯಿಂದ ಸುತ್ತಿಕೊಂಡು ಹೋಗ್ರಮ್ಮ, ತುಳೀಬೇಡಿ ಎಂದಳು.